ಪ್ರಾಜೆಕ್ಟ್ ವರದಿ 34% ಕಾಪಿ ಅಂತ ಬಂತು: ತೊಂದರೆ ನನ್ನ ಇಂಗ್ಲಿಷಿನದ್ದಾ?

ಪ್ರಶ್ನೆ: ನಮ್ಮ ಊರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ಪಕ್ಕ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಕಾರವಾರದಲ್ಲಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್. ಅಳಿವೆಯಲ್ಲಿ ಸಿಗುವ ಬಳಚು ಎಂಬ ಚಿಪ್ಪುಜೀವಿಯ ಮೇಲೆ ಪ್ರಾಜೆಕ್ಟ್ ಮಾಡಿದ್ದೇನೆ. ಫೀಲ್ಡ್ ಕೆಲಸ, ಲ್ಯಾಬ್ ಕೆಲಸ ಮುಗಿದಿದೆ. ಬರೆಯಲು ಕೂತರೆ ಮೊದಲ ವಾಕ್ಯವನ್ನೇ ಬರೆದು ಅಳಿಸಿ, ಬರೆದು ಅಳಿಸಿ ರಾತ್ರಿ ಕಳೆಯುತ್ತದೆ. ಹೇಗೋ ಒದ್ದಾಡಿ ಎರಡು ಅಧ್ಯಾಯ ಕೊಟ್ಟೆ. ಗೈಡ್ ‘ಭಾಷೆ ಸರಿಯಿಲ್ಲ, ಸ್ಟ್ರಕ್ಚರ್ ಇಲ್ಲ, ಮತ್ತೆ ಬರೆದು ತನ್ನಿ’ ಅಂದರು. ಕಾಪಿ ಪತ್ತೆಹಚ್ಚುವ ಸಾಫ್ಟ್‌ವೇರ್‌ಗೆ ಹಾಕಿದಾಗ 34% ಸಿಮಿಲಾರಿಟಿ (ಬೇರೆ ಬರಹಗಳ ಜೊತೆ ಹೊಂದಿಕೆ) ಬಂತು. ನಾನು ಕದ್ದಿಲ್ಲ, ಪದಗಳನ್ನು ಬದಲಿಸಿಯೇ ಬರೆದಿದ್ದೆ. ಗೆಳತಿಯೊಬ್ಬಳು ಎಐಗೆ ಕೊಟ್ಟು ಬರೆಸು ಅನ್ನುತ್ತಾಳೆ. ದುಡ್ಡು ಕೊಟ್ಟರೆ ಬರೆದುಕೊಡುವವರೂ ಇದ್ದಾರಂತೆ. ಮನೆಯಲ್ಲಿ ಗ್ರಾಮರ್ ಕ್ಲಾಸಿಗೆ ಸೇರು ಅನ್ನುತ್ತಾರೆ. ಕನ್ನಡ ಮಾಧ್ಯಮದವರಿಗೆ ಇದೆಲ್ಲ ಆಗುವ ಕೆಲಸವೇ ಅಲ್ಲವಾ? ಇನ್ನು ಎರಡು ತಿಂಗಳಿದೆ. ಮತ್ತೊಂದು ವಿಷಯ. ನನ್ನ ಅಮ್ಮ ಬಳಚು ತೆಗೆಯಲು ಹೋಗುವವಳು. ಅವಳು ಹೇಳಿದ ಎಷ್ಟೋ ಸಂಗತಿ ನನಗೆ ಯಾವ ಪೇಪರಿನಲ್ಲೂ ಸಿಕ್ಕಿಲ್ಲ. ಅದನ್ನು ವರದಿಯಲ್ಲಿ ಬರೆಯಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಹೆದರಿಕೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಕದ್ದೆ ಅಂದುಬಿಡುತ್ತಾರೆ ಅನ್ನುವುದು ಒಂದು. ನನ್ನ ಇಂಗ್ಲಿಷ್ ಸಾಲದು ಅನ್ನುವುದು ಇನ್ನೊಂದು. ಶುರು ಮಾಡಲಿಕ್ಕೇ ಆಗುತ್ತಿಲ್ಲ ಅನ್ನುವುದು ಮೂರನೆಯದು. ಮೂರಕ್ಕೂ ಕಾರಣ ಇಂಗ್ಲಿಷ್ ಅಂತ ನೀವೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಪತ್ರದ ಜೊತೆ ನೀವು ಕಳಿಸಿದ ಎರಡು ಪುಟಗಳೇ ಅದಕ್ಕೆ ಸಾಕ್ಷಿ.

ಒಂದು ಪುಟ ಪೀಠಿಕೆಯದ್ದು. ಅದರ ಎರಡನೇ ವಾಕ್ಯ ಐದು ಸಾಲು ಉದ್ದ ಇದೆ. ಎಲ್ಲಿಂದಲೋ ಬಂದ ಮೂರು ತುಂಡುಗಳನ್ನು ‘ವಿಚ್’, ‘ದೇರ್‌ಬೈ’ ಹಾಕಿ ಹೊಲಿದಿದ್ದೀರಿ. ಕ್ರಿಯಾಪದ ಕೊನೆಗೆ ಕಳೆದೇ ಹೋಗಿದೆ. ಇನ್ನೊಂದು ಪುಟ ಫಲಿತಾಂಶದ್ದು, ಗೈಡ್‌ಗೆ ಇನ್ನೂ ತೋರಿಸಿಲ್ಲ ಅಂತ ಬರೆದಿದ್ದೀರಿ. ಅಲ್ಲಿ ಹೀಗಿದೆ: ಆಗಸ್ಟ್‌ನಲ್ಲಿ ಎರಡನೇ ಸ್ಟೇಷನ್‌ನಲ್ಲಿ (ಮಾದರಿ ತೆಗೆದ ಜಾಗ) ಬಳಚು ಸಿಗಲಿಲ್ಲ, ಆ ದಿನ ನೀರಿನ ಲವಣಾಂಶ ಮೇ ತಿಂಗಳಿಗಿಂತ ತುಂಬಾ ಕೆಳಗಿತ್ತು, ಅಕ್ಟೋಬರ್‌ನಲ್ಲಿ ಸಣ್ಣ ಗಾತ್ರದವು ಮತ್ತೆ ಕಂಡವು. ಇಂಗ್ಲಿಷಿನಲ್ಲಿ ನೀವು ಬರೆದ ಈ ಮೂರು ವಾಕ್ಯಗಳಲ್ಲಿ ಎರಡು ಕಡೆ ‘ದ’ ಬಿಟ್ಟಿದ್ದೀರಿ, ಅಷ್ಟೇ. ಉಳಿದದ್ದು ಸರಿಯಾಗಿದೆ, ಓದಿದರೆ ಅರ್ಥವೂ ಆಗುತ್ತದೆ. ಬರೆದವರು ಒಬ್ಬರೇ, ಇಂಗ್ಲಿಷೂ ಒಂದೇ. ಹಾಗಿದ್ದರೆ ಒಂದು ಪುಟದಲ್ಲಿ ವ್ಯಾಕರಣ ಕುಸಿದು, ಇನ್ನೊಂದರಲ್ಲಿ ನಿಂತಿದ್ದು ಹೇಗೆ?

ಈ ಪ್ರಶ್ನೆ ಹಳೆಯದು. 1970ರಲ್ಲಿ ನ್ಯೂಯಾರ್ಕ್ ನಗರದ ಸರ್ಕಾರಿ ವಿಶ್ವವಿದ್ಯಾಲಯ, ಹೈಸ್ಕೂಲ್ ಮುಗಿಸಿದ ಎಲ್ಲರಿಗೂ ಬಾಗಿಲು ತೆಗೆಯಿತು. ಬಡವರ ಮಕ್ಕಳು, ವಲಸೆ ಬಂದವರ ಮಕ್ಕಳು ತುಂಬಿಕೊಂಡರು. ಇವರಿಗೆ ಬರೆಯಲು ಬರುವುದಿಲ್ಲ ಅಂತ ಮೇಷ್ಟ್ರುಗಳು ತಲೆ ಚಚ್ಚಿಕೊಂಡರು. ಆಗ ಮಿನಾ ಶಾಗ್ನೆಸಿ ಅನ್ನುವ ಅಧ್ಯಾಪಕಿ ಸುಮಾರು 4,000 ಪ್ರವೇಶ ಪ್ರಬಂಧಗಳನ್ನು ಕೂತು ಓದಿದರು. 1977ರಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಈ ತಪ್ಪುಗಳು ಸುಮ್ನೆ ಆಗಿದ್ದಲ್ಲ, ಅವುಗಳ ಹಿಂದೆ ಲೆಕ್ಕಾಚಾರವಿದೆ. ತನ್ನದಲ್ಲದ ದೊಡ್ಡ ದನಿಯಲ್ಲಿ ಮಾತಾಡಲು ಹೊರಟಾಗ ವಾಕ್ಯ ಮುರಿಯುತ್ತದೆ. ಅದು ದಡ್ಡತನ ಅಲ್ಲ, ಹೊಸದನ್ನು ಪ್ರಯತ್ನಿಸುತ್ತಿರುವ ಗುರುತು. ಪದವಿ, ಸ್ನಾತಕೋತ್ತರ ವಿದ್ಯಾರ್ಥಿಗಳ ಬರಹ ತಿದ್ದುವುದೇ ಕೆಲಸವಾಗಿರುವ ನನಗೂ ಇದೇ ಕಾಣುತ್ತದೆ. ತಾನು ಕಣ್ಣಾರೆ ಕಂಡದ್ದನ್ನು ಬರೆಯುವಾಗ ಹುಡುಗರ ವಾಕ್ಯ ನೆಟ್ಟಗಿರುತ್ತದೆ. ಅರ್ಧ ಅರ್ಥವಾದದ್ದನ್ನು ಬರೆಯುವಾಗ ಬಾಗುತ್ತದೆ. ನಿಮ್ಮ ಬಳಚು ನಿಮಗೆ ಗೊತ್ತು. ಪೀಠಿಕೆಯಲ್ಲಿ ನೀವು ಜೋಡಿಸಿದ ಪೇಪರುಗಳು ನಿಮಗೆ ಇನ್ನೂ ಪೂರ್ತಿ ಗೊತ್ತಾಗಿಲ್ಲ. ತೊಂದರೆ ಇರುವುದು ಅಲ್ಲಿ.

ಕನ್ನಡ ಮಾಧ್ಯಮದ ಮಾತಿಗೆ ಬರೋಣ. ಇಂಗ್ಲಿಷ್ ಕಮ್ಮಿ ಓದಿದವರಿಗೆ ಕಷ್ಟ ಜಾಸ್ತಿ, ನಿಜ. ಪದ ಹುಡುಕಲು ಸಮಯ ಬೇಕು, ಓದುವ ವೇಗ ಕಮ್ಮಿ. ಆದರೆ ‘ಆಗುವ ಕೆಲಸವೇ ಅಲ್ಲ’ ಅನ್ನುವುದು ಸುಳ್ಳು. ಅಮೆರಿಕದ ಹಾರ್ವರ್ಡ್‌ನಲ್ಲಿ 1874ರಲ್ಲಿ ಪ್ರವೇಶಕ್ಕೆ ಇಂಗ್ಲಿಷ್ ಪ್ರಬಂಧ ಬರೆಸಲು ಶುರು ಮಾಡಿದರು. ಬರೆದವರು ಇಂಗ್ಲಿಷನ್ನೇ ಮನೆಮಾತಾಗಿ ಆಡುತ್ತಿದ್ದ, ಒಳ್ಳೆಯ ಶಾಲೆಗಳಲ್ಲಿ ಓದಿದ ಶ್ರೀಮಂತರ ಮಕ್ಕಳು. ಅವರ ಬರಹ ನೋಡಿಯೂ ಅಲ್ಲಿನವರು ಗಾಬರಿಯಾದರು. ಕಾಲೇಜಿನ ಮೊದಲ ವರ್ಷ ಎಲ್ಲರಿಗೂ ಬರವಣಿಗೆ ಕಲಿಸುವ ಪದ್ಧತಿ ಹುಟ್ಟಿದ್ದೇ ಆ ಗಾಬರಿಯಿಂದ. ಕಾಲೇಜಿನ ಬರವಣಿಗೆ ಯಾರ ಮನೆಮಾತೂ ಅಲ್ಲ. ಇಂಗ್ಲಿಷ್ ಮಾಧ್ಯಮದಿಂದ ಬಂದ ನಿಮ್ಮ ಸಹಪಾಠಿಗಳ ಪೀಠಿಕೆಯನ್ನೂ ಒಮ್ಮೆ ಕೇಳಿ ಓದಿ. ವ್ಯಾಕರಣ ಸರಿ ಇರಬಹುದು. ಏನು ಹೇಳುತ್ತಿದ್ದಾರೆ ಅನ್ನುವುದು ಅಲ್ಲೂ ಸಿಗಲಿಕ್ಕಿಲ್ಲ.

ಈಗ ಆ 34%. ಮೊದಲು ಉಸಿರು ಬಿಡಿ. ಸಾಫ್ಟ್‌ವೇರ್ ಹೇಳುವುದು ಸಾಲುಗಳು ಎಷ್ಟು ಹೊಂದುತ್ತವೆ ಅಂತ ಮಾತ್ರ. ಕದ್ದಿದ್ದೀರಾ ಇಲ್ಲವಾ ಅಂತ ಹೇಳಲು ಅದಕ್ಕೆ ಬರುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ 10% ತನಕ ಹೊಂದಿಕೆ ಇದ್ದರೆ ಶಿಕ್ಷೆ ಇಲ್ಲ. 10ರಿಂದ 40% ಇದ್ದರೆ ತಿದ್ದಿ ಮತ್ತೆ ಒಪ್ಪಿಸಬೇಕು, ಅದಕ್ಕೆ ಹೆಚ್ಚೆಂದರೆ 6 ತಿಂಗಳ ಅವಧಿ. 40 ದಾಟಿ 60% ಒಳಗಿದ್ದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವಂತಿಲ್ಲ. 60% ಮೀರಿದರೆ ನೋಂದಣಿಯೇ ರದ್ದು. ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆ, ಮೂಲ ಹೇಳಿ ಉದ್ಧರಿಸಿದ ಭಾಗ, ಎಲ್ಲರೂ ಬಳಸುವ ಸಮೀಕರಣ, ಚಿಹ್ನೆ ಇವನ್ನೆಲ್ಲ ಲೆಕ್ಕದಿಂದ ಬಿಡಬೇಕು. ಎಲ್ಲರಿಗೂ ಗೊತ್ತಿರುವ ಮಾತು, ಆಕಸ್ಮಿಕವಾಗಿ ಹೊಂದುವ ಸತತ 14 ಪದಗಳ ತನಕ ಕೂಡ ಲೆಕ್ಕಕ್ಕಿಲ್ಲ. ನಿಮ್ಮ ರಿಪೋರ್ಟ್ ತೆಗೆಯುವಾಗ ಇವನ್ನು ಬಿಟ್ಟಿದ್ದಾರಾ ಅಂತ ಲೈಬ್ರರಿಯಲ್ಲಿ ಕೇಳಿ. ಎಷ್ಟೋ ಸಲ ಆ ಆಯ್ಕೆ ಒತ್ತಿರುವುದೇ ಇಲ್ಲ. ಗ್ರಂಥಸೂಚಿ ತೆಗೆದರೇ ಅಂಕಿ ಇಳಿಯುತ್ತದೆ. ನಿಮ್ಮ ವಿಭಾಗಕ್ಕೆ ಇದಕ್ಕಿಂತ ಬಿಗಿಯಾದ ನಿಯಮ ಇರಬಹುದು, ಅದನ್ನೂ ಕೇಳಿಕೊಳ್ಳಿ. ಹೇಗೂ ನೀವು ಇನ್ನೂ ಒಪ್ಪಿಸಿಲ್ಲ. ಒಪ್ಪಿಸುವ ಮೊದಲು ಬಂದ 34% ಎಚ್ಚರಿಕೆಯೇ ಹೊರತು ಅಪರಾಧ ಅಲ್ಲ.

ಅಂಕಿ ಇಳಿಸುವುದು ಸುಲಭ. ಅದು ಯಾಕೆ ಬಂತು ಅನ್ನುವುದು ಮುಖ್ಯ. ‘ಪದಗಳನ್ನು ಬದಲಿಸಿಯೇ ಬರೆದಿದ್ದೆ’ ಅಂದಿರಿ. ಒಂದು ಮಾದರಿ ಕಟ್ಟಿ ತೋರಿಸುತ್ತೇನೆ. ಮೂಲದಲ್ಲಿ ಹೀಗಿದೆ ಅಂದುಕೊಳ್ಳಿ: ‘ನದೀಮುಖಗಳಲ್ಲಿ ಲವಣಾಂಶದ ಏರಿಳಿತವು ಮೃದ್ವಂಗಿಗಳ ಹರಡುವಿಕೆಯನ್ನು ನಿರ್ಧರಿಸುವ ಪ್ರಮುಖ ಅಂಶವಾಗಿದೆ.’ ನೀವು ಮಾಡುತ್ತಿರುವುದು ಹೀಗೆ: ‘ಅಳಿವೆಗಳಲ್ಲಿ ಉಪ್ಪಿನಂಶದ ವ್ಯತ್ಯಾಸವು ಚಿಪ್ಪುಜೀವಿಗಳ ಹರಡುವಿಕೆಯನ್ನು ತೀರ್ಮಾನಿಸುವ ಮುಖ್ಯ ಅಂಶವಾಗಿದೆ.’ ಪದ ಬದಲಾಯಿತು, ವಾಕ್ಯದ ಎಲುಬು ಹಾಗೇ ಇದೆ. ಅಮೆರಿಕದ ರೆಬೆಕಾ ಮೂರ್ ಹೊವಾರ್ಡ್ 1990ರ ದಶಕದಲ್ಲಿ ಇದಕ್ಕೆ ಪ್ಯಾಚ್‌ರೈಟಿಂಗ್ ಅಂತ ಹೆಸರಿಟ್ಟರು. ಇದನ್ನು ಕಳ್ಳತನದ ಸಾಲಿಗೆ ಸೇರಿಸಬೇಡಿ, ಹೊಸ ವಿಷಯದ ಭಾಷೆ ಕಲಿಯುವವರು ದಾಟುವ ಒಂದು ಹಂತ ಇದು ಅಂತ ಅವರು ವಾದಿಸಿದರು. ನಾನೂ ಒಪ್ಪುತ್ತೇನೆ. ಆದರೆ ನಿಯಮ ಒಪ್ಪುವುದಿಲ್ಲ. ಅದಕ್ಕೇ ಈ ಹಂತವನ್ನು ಗೈಡ್ ಮುಂದೆ ದಾಟಬೇಕು, ಒಪ್ಪಿಸಿದ ಮೇಲಲ್ಲ.

ಇದರಲ್ಲಿ ತಪ್ಪು ನಿಮ್ಮೊಬ್ಬರದ್ದಲ್ಲ. ಬೋರ್ಡ್ ಮೇಲಿನ ಉತ್ತರವನ್ನು ಅಕ್ಷರ ತಪ್ಪದೆ ಬರೆದವರಿಗೆ ಶಾಲೆಯಲ್ಲಿ ‘ಗುಡ್’ ಬಿತ್ತು. ಪಿಯುಸಿಯಲ್ಲಿ ನೋಟ್ಸ್ ಬಾಯಿಪಾಠ. ಡಿಗ್ರಿಯಲ್ಲಿ ಸೀನಿಯರ್‌ಗಳ ಜರ್ನಲ್ ನೋಡಿ ನಮ್ಮ ಜರ್ನಲ್ ‘ಕಂಪ್ಲೀಟ್’ ಮಾಡಿದೆವು, ಸಹಿಯೂ ಬಿತ್ತು. ಹದಿನೈದು ವರ್ಷ ನೋಡಿ ಬರೆದದ್ದಕ್ಕೆ ಮಾರ್ಕ್ಸ್ ಕೊಟ್ಟು, ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿ ಒಂದು ಬೆಳಿಗ್ಗೆ ಅದೇ ಅಪರಾಧ ಅಂದರೆ ಯಾರಿಗಾದರೂ ತಲೆ ತಿರುಗುತ್ತದೆ. ಬರೆಯುವುದು ಹೇಗೆ ಅಂತ ಮಧ್ಯದಲ್ಲಿ ಯಾರೂ ಹೇಳಿಕೊಡಲಿಲ್ಲ. ಸಂಶೋಧನೆಯ ನೀತಿಯ ಬಗ್ಗೆ 2 ಕ್ರೆಡಿಟ್‌ನ ಕೋರ್ಸನ್ನು ಯುಜಿಸಿ ಕಡ್ಡಾಯ ಮಾಡಿದ್ದು 2019ರ ಕೊನೆಯಲ್ಲಿ, ಅದೂ ಪಿಎಚ್‌ಡಿಗೆ. ನಿಮ್ಮಂಥವರಿಗೆ ಅದೂ ಇಲ್ಲ.

ಹಾಗಾದರೆ ಮೂಲವನ್ನು ಬಳಸುವುದು ಹೇಗೆ? ನಮ್ಮ ಜಿಲ್ಲೆಯವರಿಗೆ ಇದನ್ನು ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಇಟ್ಟುಕೊಂಡು ಹೇಳಿದರೆ ಬೇಗ ತಿಳಿಯುತ್ತದೆ. ಪದ್ಯ ಕವಿಯದ್ದು, ಹಾಡುವವರು ಭಾಗವತರು. ಪಾತ್ರವಾಗಿ ಮಾತಾಡುವ ಅರ್ಥಧಾರಿ ಅದನ್ನು ಅಲ್ಲಗಳೆಯುವುದಿಲ್ಲ, ತನ್ನದು ಅಂತಲೂ ಹೇಳುವುದಿಲ್ಲ. ಅದನ್ನು ಹಿಡಿದುಕೊಂಡು ತನ್ನ ವಾದ ಕಟ್ಟುತ್ತಾನೆ. ಪದ್ಯದ ಪದಗಳನ್ನೇ ಅದಲುಬದಲು ಮಾಡಿ ಹೇಳಿದವನನ್ನು ಯಾರೂ ಅರ್ಥಧಾರಿ ಅನ್ನುವುದಿಲ್ಲ. ಮೇಲಿನ ವಾಕ್ಯವನ್ನು ನೀವು ಹೀಗೆ ಬಳಸಬಹುದು: ‘ಮಳೆಗಾಲದಲ್ಲಿ ಹೊಳೆಯ ಸಿಹಿನೀರು ತುಂಬಿ ಬರುತ್ತದೆ. ಆ ತಿಂಗಳುಗಳಲ್ಲಿ ನಮ್ಮ ಎರಡನೇ ಸ್ಟೇಷನ್‌ನಲ್ಲಿ ಬಳಚು ಸಿಗಲಿಲ್ಲ. ಲವಣಾಂಶ ಬದಲಾದರೆ ಚಿಪ್ಪುಜೀವಿಗಳ ನೆಲೆ ಬದಲಾಗುತ್ತದೆ ಎಂಬ ಇಂಥವರ ಮಾತಿಗೆ ಇದು ಹೊಂದುತ್ತದೆ. ಆದರೆ ಮೊದಲನೇ ಸ್ಟೇಷನ್‌ನಲ್ಲಿ ಹಾಗಾಗಲಿಲ್ಲ.’ ಇಲ್ಲಿ ಮೂಲದ ಮಾತು ಒಂದೇ ಸಾಲು, ಹೆಸರು ಹೇಳಿಯೇ ಬಂದಿದೆ. ಉಳಿದದ್ದು ನಿಮ್ಮದು. ಕೊನೆಯ ವಾಕ್ಯ ನೋಡಿ. ಆ ‘ಆದರೆ’ ಬಂದ ಕಡೆ ನಿಮ್ಮ ಸಂಶೋಧನೆ ಶುರುವಾಗುತ್ತದೆ.

ಇದಕ್ಕೆ ಒಂದು ಅಭ್ಯಾಸ ಬೇಕು. ಪೇಪರ್ ಓದಿ, ಲ್ಯಾಪ್‌ಟಾಪ್ ಮುಚ್ಚಿ. ಮನೆಯವರಿಗೆ ಹೇಳುವ ಹಾಗೆ ನಾಲ್ಕು ಸಾಲು ಕೈಯಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ ಅರ್ಥವಾಗಿಲ್ಲ ಅಂತ ಲೆಕ್ಕ, ಮತ್ತೆ ಓದಿ. ಬರೆದ ಮೇಲೆ ಮೂಲ ತೆರೆದು ಅಂಕಿಅಂಶ, ವರ್ಷ, ಪುಟ ಮಾತ್ರ ತಾಳೆ ನೋಡಿ. ಮೂಲವನ್ನು ಒಂದು ಕಿಟಕಿಯಲ್ಲಿ, ನಿಮ್ಮ ಕಡತವನ್ನು ಪಕ್ಕದ ಕಿಟಕಿಯಲ್ಲಿ ತೆರೆದಿಟ್ಟು ಬರೆಯಬೇಡಿ. ಎಲುಬು ನಕಲಾಗುವುದೇ ಹಾಗೆ.

ಮೊದಲ ವಾಕ್ಯದ ಕಾಟಕ್ಕೆ ಬರುತ್ತೇನೆ. 1980ರಲ್ಲಿ ಮೈಕ್ ರೋಸ್ ಅನ್ನುವವರು ಲಾಸ್ ಏಂಜಲೀಸಿನ 10 ವಿದ್ಯಾರ್ಥಿಗಳನ್ನು ಮಾತಾಡಿಸಿ ನೋಡಿದರು. ಬರೆಯಲಾಗದೆ ಕೂರುತ್ತಿದ್ದವರಿಗೆ ಬುದ್ಧಿ ಕಮ್ಮಿ ಇರಲಿಲ್ಲ. ಅವರು ಕಲ್ಲಿನಂಥ ನಿಯಮಗಳನ್ನು ಹಿಡಿದುಕೊಂಡಿದ್ದರು. ಮೊದಲ ಪ್ಯಾರಾ ಓದುಗರನ್ನು ಸೆಳೆಯಲೇಬೇಕು, ಅದು ಸರಿಯಾಗುವ ತನಕ ಮುಂದೆ ಹೋಗಬಾರದು, ಇಂಥವು. ಸಲೀಸಾಗಿ ಬರೆಯುವವರಿಗೂ ನಿಯಮಗಳಿದ್ದವು, ಆದರೆ ಕೆಲಸಕ್ಕೆ ಬಾರದಾಗ ಅವನ್ನು ಬಿಟ್ಟುಬಿಡುತ್ತಿದ್ದರು. ನಿಮ್ಮ ಪತ್ರದಲ್ಲೂ ಅಂಥ ಎರಡು ನಿಯಮ ಇಣುಕುತ್ತಿವೆ. ವರದಿಯನ್ನು ಪೀಠಿಕೆಯಿಂದಲೇ ಶುರು ಮಾಡಬೇಕು ಅನ್ನುವುದು ಒಂದು. ಓದುವವರು ಆ ಕ್ರಮದಲ್ಲಿ ಓದುತ್ತಾರೆ, ಬರೆಯುವವರು ಯಾಕೆ ಹಾಗೇ ಬರೆಯಬೇಕು? ನಾನು ಹೇಳುವ ಕ್ರಮ ತಲೆಕೆಳಗು. ಮೊದಲು ಕೋಷ್ಟಕ, ಗ್ರಾಫ್‌ಗಳನ್ನು ಅಂತಿಮ ಮಾಡಿ. ಪ್ರತಿಯೊಂದರ ಕೆಳಗೆ ‘ಇದರಲ್ಲಿ ಏನು ಕಾಣುತ್ತದೆ’ ಅಂತ ಮೂರು ವಾಕ್ಯ. ಆಮೇಲೆ ಮೆಥಡ್ಸ್. ಆಮೇಲೆ ಚರ್ಚೆ. ಪೀಠಿಕೆ ಕೊನೆಗೆ. ಯಾವ ಪ್ರಶ್ನೆಗೆ ಉತ್ತರ ಸಿಕ್ಕಿದೆ ಅಂತ ಗೊತ್ತಾದ ಮೇಲೆ ಆ ಪ್ರಶ್ನೆ ಕೇಳುವುದು ಸುಲಭ, ಅಲ್ವಾ?

ಇನ್ನೊಂದು ನಿಯಮ, ವಿಜ್ಞಾನದಲ್ಲಿ ‘ನಾವು’ ಅನ್ನಬಾರದು, ಎಲ್ಲ ಪ್ಯಾಸಿವ್ ವಾಯ್ಸ್‌ನಲ್ಲೇ ಇರಬೇಕು ಅನ್ನುವುದು. ನಿಮ್ಮ ಪೀಠಿಕೆಯ ಅರ್ಧ ಗಂಟು ಬಿದ್ದಿರುವುದು ಇದರಿಂದಲೇ. ಹೆಸರಾಂತ ವಿಜ್ಞಾನ ಪತ್ರಿಕೆ ನೇಚರ್ ಕೂಡ ಲೇಖಕರಿಗೆ ಆಕ್ಟಿವ್ ವಾಯ್ಸ್‌ನಲ್ಲಿ ಬರೆಯಿರಿ ಅನ್ನುತ್ತದೆ. ಗೈಡ್‌ಗೆ ಇಷ್ಟವಿಲ್ಲದಿದ್ದರೆ ಕೊನೆಯಲ್ಲಿ ಬದಲಿಸಿಕೊಡಿ. ಮೊದಲ ಕರಡಿನಲ್ಲಿ ‘ನಾವು ಅಳೆದೆವು’ ಅಂತಲೇ ಬರೆಯಿರಿ.

ಗೈಡ್ ಹೇಳಿದ ‘ಸ್ಟ್ರಕ್ಚರ್ ಇಲ್ಲ’ ಅನ್ನುವ ಮಾತು ನಿಮಗೆ ಅರ್ಥವಾಗಲಿಲ್ಲ ಅಂತ ಕಾಣುತ್ತದೆ. ಅರ್ಥವಾಗದ್ದು ಸಹಜ. 1998ರಲ್ಲಿ ಮೇರಿ ಲೀ ಮತ್ತು ಬ್ರಯನ್ ಸ್ಟ್ರೀಟ್ ಇಂಗ್ಲೆಂಡಿನ ಎರಡು ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಮಾತಾಡಿಸಿದರು. ಒಳ್ಳೆಯ ಬರಹಕ್ಕೆ ‘ವಾದ’ ಬೇಕು, ‘ಸ್ಟ್ರಕ್ಚರ್’ ಬೇಕು ಅಂತ ಅಧ್ಯಾಪಕರು ಹೇಳುತ್ತಿದ್ದರು. ಹಾಗಂದರೆ ಏನು ಅಂತ ಬಿಡಿಸಿ ಹೇಳಲು ಅವರಿಗೇ ಕಷ್ಟವಾಗುತ್ತಿತ್ತು. ಒಂದು ವಿಭಾಗದಲ್ಲಿ ನಡೆಯುವುದು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ನಿಮ್ಮ ಗೈಡ್ ಒಳ್ಳೆಯ ಪೀಠಿಕೆಯನ್ನು ಕಂಡರೆ ಗುರುತಿಸುತ್ತಾರೆ. ಅದನ್ನು ಕಲಿಸುವುದು ಬೇರೆಯೇ ಕೆಲಸ, ಅದನ್ನು ಅವರಿಗೂ ಯಾರೂ ಕಲಿಸಿರಲಿಕ್ಕಿಲ್ಲ. ಹಾಗಾಗಿ ‘ಏನು ತಪ್ಪಾಗಿದೆ ಸರ್’ ಅಂತ ಇಡೀ ಅಧ್ಯಾಯ ಹಿಡಿದು ನಿಲ್ಲಬೇಡಿ. ಒಂದೇ ಪ್ಯಾರಾ ತೆಗೆದುಕೊಂಡು ಹೋಗಿ. ‘ಈ ಪ್ಯಾರಾದಲ್ಲಿ ನಾನು ಹೇಳಹೊರಟದ್ದು ಇದು, ನಿಮಗೆ ಅದು ಕಂಡಿತಾ? ಎಲ್ಲಿ ತಪ್ಪಿತು?’ ಅಂತ ಕೇಳಿ. ಐದು ನಿಮಿಷದ ಉತ್ತರ ಸಿಗುವ ಪ್ರಶ್ನೆಗೆ ಗೈಡ್‌ಗಳು ಸಾಮಾನ್ಯವಾಗಿ ಐದು ನಿಮಿಷ ಕೊಡುತ್ತಾರೆ.

ಪೀಠಿಕೆಯ ಸ್ಟ್ರಕ್ಚರ್ ಮಟ್ಟಿಗೆ ಒಂದು ಕೀಲಿ ಇದೆ. ಜಾನ್ ಸ್ವೇಲ್ಸ್ ಅನ್ನುವ ಭಾಷಾ ವಿದ್ವಾಂಸರು ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಬಿಡಿಸಿ ನೋಡಿ, 1990ರ ಹೊತ್ತಿಗೆ ಮೂರು ಹೆಜ್ಜೆಗಳನ್ನು ಗುರುತಿಸಿದರು. ಮೊದಲು, ಈ ವಿಷಯ ಯಾಕೆ ಮುಖ್ಯ, ಇದುವರೆಗೆ ಏನು ಗೊತ್ತಾಗಿದೆ. ಎರಡು, ಏನು ಗೊತ್ತಾಗಿಲ್ಲ, ಎಲ್ಲಿ ಜಾಗ ಖಾಲಿ ಇದೆ. ಮೂರು, ಆ ಖಾಲಿ ಜಾಗದಲ್ಲಿ ನಾನು ಏನು ಮಾಡಿದ್ದೇನೆ. ನಿಮ್ಮದಕ್ಕೆ ಹಚ್ಚಿದರೆ: ಅಘನಾಶಿನಿ ಅಳಿವೆ 2024ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿಗೆ ಸೇರಿದೆ, ಬಳಚಿನ ಮೇಲೆ ಸುತ್ತಲಿನ ಊರುಗಳ ಜೀವನ ನಿಂತಿದೆ, ಇಂಥಿಂಥವರು ಹೀಗೀಗೆ ಕಂಡಿದ್ದಾರೆ. ಆದರೆ ಇಂಥ ತಿಂಗಳುಗಳಲ್ಲಿ, ಇಂಥ ಎರಡು ಜಾಗಗಳನ್ನು ಹೋಲಿಸಿ ನೋಡಿದ್ದು ಕಾಣುವುದಿಲ್ಲ. ನಾವು ಅದನ್ನು ನೋಡಿದೆವು. ನಿಮ್ಮ ಪುಟದಲ್ಲಿ ಮೊದಲ ಹೆಜ್ಜೆಯೇ ಪುಟ ತುಂಬಿದೆ. ಎರಡನೆಯದು ಇಲ್ಲವೇ ಇಲ್ಲ. ಗೈಡ್ ಹೇಳಿದ್ದು ಬಹುಶಃ ಇದನ್ನೇ. ಪಿಎಚ್‌ಡಿ ಥೀಸಿಸ್‌ಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ನಿಮ್ಮ ವಿಷಯದ ಎರಡು ಮೂರು ಥೀಸಿಸ್ ತೆರೆದು, ಪೀಠಿಕೆ ಮಾತ್ರ ಓದಿ, ಎರಡನೇ ಹೆಜ್ಜೆ ಎಲ್ಲಿದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕೆಲವದರಲ್ಲಿ ಅದು ಸಿಗುವುದಿಲ್ಲ. ಶೋಧಗಂಗಾದಲ್ಲಿರುವುದೆಲ್ಲ ಮಾದರಿ ಅಂದುಕೊಳ್ಳಬೇಡಿ, ಅಲ್ಲೂ ಜೊಳ್ಳು ಬೇಕಾದಷ್ಟಿದೆ.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯಬಾರದು ಅಂತ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳಲ್ಲಿ ಹೇಳುತ್ತಾರೆ. ಮಾತಿಗೆ ಅದು ಎಷ್ಟು ಸರಿಯೋ ಗೊತ್ತಿಲ್ಲ, ಬರವಣಿಗೆಗಂತೂ ಸರಿಯಲ್ಲ. 1990ರಲ್ಲಿ ಅಲೆಕ್ಸಾಂಡರ್ ಫ್ರೀಡ್‌ಲ್ಯಾಂಡರ್ ಅಮೆರಿಕದಲ್ಲಿ ಓದುತ್ತಿದ್ದ ಚೀನೀ ವಿದ್ಯಾರ್ಥಿಗಳಿಂದ ಇಂಗ್ಲಿಷ್ ಪ್ರಬಂಧ ಬರೆಸಿ ನೋಡಿದರು. ಯಾವ ಭಾಷೆಯಲ್ಲಿ ಆ ವಿಷಯದ ಅನುಭವ ಆಗಿತ್ತೋ ಆ ಭಾಷೆಯಲ್ಲೇ ಟಿಪ್ಪಣಿ ಮಾಡಿಕೊಂಡಾಗ ಟಿಪ್ಪಣಿಯೂ ಚೆನ್ನಾಗಿ ಬಂತು, ಇಂಗ್ಲಿಷ್ ಬರಹವೂ ಚೆನ್ನಾಗಿ ಬಂತು. ನಿಮಗೆ ಇದು ನೇರವಾಗಿ ಅನ್ವಯಿಸುತ್ತದೆ. ಸಮುದ್ರದ ಇಳಿತದ ಹೊತ್ತು, ಬಳಚು ಸಿಗುವ ಜಾಗ, ತೆಗೆಯುವ ರೀತಿ ಇದೆಲ್ಲ ನಿಮಗೆ ಮನೆಮಾತಿನಲ್ಲಿ ಗೊತ್ತು. ಅದರ ಟಿಪ್ಪಣಿ ಕನ್ನಡದಲ್ಲೋ ಕೊಂಕಣಿಯಲ್ಲೋ ಇರಲಿ. ಟೈಟ್ರೇಷನ್, ಸ್ಟಾಟಿಸ್ಟಿಕ್ಸ್ ಕಲಿತದ್ದು ಇಂಗ್ಲಿಷಿನಲ್ಲಿ. ಅದರ ಟಿಪ್ಪಣಿ ಇಂಗ್ಲಿಷಿನಲ್ಲೇ ಮಾಡಿ. ಆದರೆ ಕನ್ನಡದಲ್ಲಿ ಪೂರ್ತಿ ಪ್ಯಾರಾ ಬರೆದು ಸಾಲುಸಾಲಾಗಿ ಅನುವಾದಿಸಲು ಹೋಗಬೇಡಿ, ಎರಡು ಪಟ್ಟು ಸಮಯ ಹಿಡಿಯುತ್ತದೆ. ಟಿಪ್ಪಣಿ ಸಾಕು.

ಇನ್ನು ನಿಮಗೆ ಸಿಕ್ಕ ಸಲಹೆಗಳು. ಗ್ರಾಮರ್ ಕ್ಲಾಸ್ ಸದ್ಯಕ್ಕೆ ಬೇಡ. ಬರವಣಿಗೆಯಿಂದ ಬೇರ್ಪಡಿಸಿ ವ್ಯಾಕರಣದ ಪಾಠ ಮಾಡಿದರೆ ಬರವಣಿಗೆ ಸುಧಾರಿಸುವುದು ಇಲ್ಲವೆನ್ನುವಷ್ಟು ಕಮ್ಮಿ, ಬರೆಯುವ ಸಮಯ ತಿನ್ನುವುದರಿಂದ ಕೆಡುಕೂ ಆಗಬಹುದು ಅಂತ 1963ರಷ್ಟು ಹಿಂದೆಯೇ ಅಮೆರಿಕದಲ್ಲಿ ಒಂದು ದೊಡ್ಡ ಸಮೀಕ್ಷಾ ವರದಿ ಹೇಳಿತ್ತು. ಅದು ಇಂಗ್ಲಿಷ್ ಮನೆಮಾತಿನವರ ಶಾಲೆಗಳನ್ನು ನೋಡಿ ಹೇಳಿದ್ದು, ನಮಗೆ ಹಾಗೇ ಹೊಂದುವುದಿಲ್ಲ. ನಮಗೆ ಸ್ವಲ್ಪ ವ್ಯಾಕರಣ ಬೇಕು. ಆದರೆ ಅದು ನಿಮ್ಮದೇ ತಪ್ಪುಗಳ ವ್ಯಾಕರಣ ಆಗಿರಲಿ. ನಿಮ್ಮ ಎರಡು ಪುಟಗಳಲ್ಲಿ ಮತ್ತೆ ಮತ್ತೆ ಬರುವುದು ಮೂರೇ: ‘ಎ’ ಮತ್ತು ‘ದ’ ಬಿಡುವುದು, ಬಹುವಚನಕ್ಕೆ ಏಕವಚನದ ಕ್ರಿಯಾಪದ, ಮಾಡಿ ಮುಗಿಸಿದ ಕೆಲಸಕ್ಕೆ ವರ್ತಮಾನ ಕಾಲ. ಕನ್ನಡದಲ್ಲಿ ‘ಎ’, ‘ದ’ ಇಲ್ಲವಾದ್ದರಿಂದ ಮೊದಲನೆಯದು ನಮ್ಮೆಲ್ಲರಿಗೂ ಬರುತ್ತದೆ. ಕೊನೆಯ ವಾರ ಒಂದೊಂದು ತಪ್ಪಿಗೆ ಒಂದೊಂದು ಸಲ ಇಡೀ ವರದಿ ಓದಿ ತಿದ್ದಿ.

ಪದ ಬದಲಿಸುವ ಆ್ಯಪ್‌ಗಳನ್ನು ಮುಟ್ಟಬೇಡಿ. ನೀವು ಕೈಯಲ್ಲಿ ಮಾಡಿದ ತಪ್ಪನ್ನೇ ಅವು ಜೋರಾಗಿ ಮಾಡುತ್ತವೆ. ತಾಂತ್ರಿಕ ಪದವನ್ನೂ ಬದಲಿಸಿ ಹಾಳು ಮಾಡುತ್ತವೆ.

ದುಡ್ಡು ಕೊಟ್ಟು ಬರೆಸುವ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ನೇರ ವಂಚನೆ. ಅವರು ಒಂದೇ ಸರಕನ್ನು ನಾಲ್ಕು ಜನಕ್ಕೆ ಮಾರುತ್ತಾರೆ ಅನ್ನುವುದೂ ನೆನಪಿರಲಿ. ವೈವಾದಲ್ಲಿ (ಮೌಖಿಕ ಪರೀಕ್ಷೆ) ‘ಮೊದಲನೇ ಸ್ಟೇಷನ್ ಯಾಕೆ ಬೇರೆ’ ಅಂತ ಕೇಳಿದಾಗ ಅವರು ಪಕ್ಕದಲ್ಲಿ ಇರುವುದಿಲ್ಲ.

ಎಐ ವಿಷಯ ಅಷ್ಟು ಸಲೀಸಲ್ಲ. ಅದಕ್ಕೆ ಪೀಠಿಕೆ ಬರೆ ಅಂದರೆ ನಯವಾಗಿ ಬರೆದುಕೊಡುತ್ತದೆ. ಸಿಮಿಲಾರಿಟಿಯೂ ಕಮ್ಮಿ ಬರಬಹುದು. ಅಪಾಯ ಬೇರೆ ಕಡೆ ಇದೆ. ಇಲ್ಲದ ಪೇಪರುಗಳನ್ನು, ಇಲ್ಲದ ಲೇಖಕರನ್ನು ಅದು ಹುಟ್ಟಿಸಿ ಗ್ರಂಥಸೂಚಿಗೆ ಸೇರಿಸಬಹುದು. ನಿಮ್ಮ ಅಳಿವೆಯ ಬಗ್ಗೆ ಅದಕ್ಕೆ ಗೊತ್ತಿರುವುದು ಅಷ್ಟಕ್ಕಷ್ಟೇ, ಆದರೂ ಧೈರ್ಯವಾಗಿ ಹೇಳುತ್ತದೆ. ಮತ್ತೆ, ಎರಡನೇ ಹೆಜ್ಜೆ ಹುಡುಕುವ ಕೆಲಸ, ಅಂದರೆ ನೀವು ಕಲಿಯಬೇಕಾದ ಕೆಲಸ, ಕೈತಪ್ಪಿ ಹೋಗುತ್ತದೆ. ಇನ್ನೊಂದು ಕಡೆಯಿಂದಲೂ ಎಚ್ಚರ ಬೇಕು. ಎಐ ಬರಹ ಪತ್ತೆಹಚ್ಚುವ ಸಾಧನಗಳನ್ನು ಪೂರ್ತಿ ನಂಬುವ ಹಾಗಿಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇಂಗ್ಲಿಷ್ ಮನೆಮಾತಲ್ಲದವರ ಟೋಫೆಲ್ (ಇಂಗ್ಲಿಷ್ ಪರೀಕ್ಷೆ) ಪ್ರಬಂಧಗಳನ್ನು ಅಂಥ ಏಳು ಸಾಧನಗಳಿಗೆ ಕೊಟ್ಟರು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳಿಗೆ ‘ಯಂತ್ರ ಬರೆದದ್ದು’ ಅನ್ನುವ ಹಣೆಪಟ್ಟಿ ಬಿತ್ತು. ಬರೆದವರು ಮನುಷ್ಯರೇ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆ ತನ್ನದೇ ಪತ್ತೆ ಸಾಧನವನ್ನು ಅದೇ ವರ್ಷ ಜುಲೈನಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಹಾಗಾಗಿ ನೀವು ಎಐ ಬಳಸದೇ ಇದ್ದರೂ ಅನುಮಾನ ಬರಬಹುದು. ಕೈಬರಹದ ಟಿಪ್ಪಣಿ, ಹಳೆಯ ಕರಡುಗಳನ್ನು ದಿನಾಂಕ ಹಾಕಿ ಇಟ್ಟುಕೊಳ್ಳಿ. ಯಾರಾದರೂ ಕೇಳಿದರೆ ಅವೇ ಉತ್ತರ. ಬಳಸಲೇಬೇಕೆಂದಿದ್ದರೆ ನೀವು ಬರೆದ ಪ್ಯಾರಾ ಕೊಟ್ಟು ‘ಇದರಲ್ಲಿ ನಿನಗೆ ಅರ್ಥವಾಗದ್ದು ಯಾವುದು’ ಅಂತ ಕೇಳಿ, ಬರೆಯುವುದನ್ನು ಕೊಡಬೇಡಿ. ಅದನ್ನೂ ಗೈಡ್‌ಗೆ ಹೇಳಿಯೇ ಮಾಡಿ.

ಎರಡು ತಿಂಗಳು ಸಾಕು. ಮೊದಲ ಮೂರು ವಾರದಲ್ಲಿ ಫಲಿತಾಂಶ ಮತ್ತು ಮೆಥಡ್ಸ್, ಆಮೇಲಿನ ಎರಡು ವಾರ ಚರ್ಚೆ, ಒಂದು ವಾರ ಪೀಠಿಕೆ. ಉಳಿದದ್ದೆಲ್ಲ ತಿದ್ದಲು. ತಿದ್ದುವುದೆಂದರೆ ಪದ ಬದಲಿಸುವುದು ಅಂತ ವಿದ್ಯಾರ್ಥಿಗಳು ತಿಳಿಯುತ್ತಾರೆ. ನುರಿತವರು ಮೊದಲು ವಾದದ ಆಕಾರ ನೋಡುತ್ತಾರೆ, ಪ್ಯಾರಾಗಳನ್ನೇ ಎತ್ತಿ ಬೇರೆಡೆ ಇಡುತ್ತಾರೆ. 1980ರಲ್ಲಿ ನ್ಯಾನ್ಸಿ ಸಾಮರ್ಸ್ 20 ವಿದ್ಯಾರ್ಥಿಗಳನ್ನೂ 20 ಅನುಭವಿ ಬರಹಗಾರರನ್ನೂ ಹೋಲಿಸಿ ಕಂಡದ್ದು ಇದನ್ನೇ. ಆದ್ದರಿಂದ ಮೊದಲ ಸುತ್ತಿನಲ್ಲಿ ಕಾಗುಣಿತ ನೋಡಬೇಡಿ. ಪ್ರತಿ ಪ್ಯಾರಾ ಪಕ್ಕದಲ್ಲಿ ಅದು ಹೇಳುವ ಒಂದೇ ಮಾತನ್ನು ಕನ್ನಡದಲ್ಲಿ ಬರೆಯಿರಿ. ಬರೆಯಲು ಆಗದ ಪ್ಯಾರಾ ಬೇಡದ ಪ್ಯಾರಾ. ನಿಮ್ಮ ಬ್ಯಾಚಿನ ಇಬ್ಬರು ಸೇರಿ ವಾರಕ್ಕೊಮ್ಮೆ ಒಬ್ಬರದ್ದನ್ನೊಬ್ಬರು ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು. ನಾಲಿಗೆ ತಡವರಿಸಿದ ಕಡೆ ವಾಕ್ಯ ತಪ್ಪಿರುತ್ತದೆ.

ಕೊನೆಯದಾಗಿ ಅಮ್ಮನ ಮಾತು. ಖಂಡಿತ ಬರೆಯಬಹುದು, ಸುಮ್ನೆ ‘ಸ್ಥಳೀಯರು ಹೇಳುತ್ತಾರೆ’ ಅಂತ ತೇಲಿಸಿಬಿಟ್ಟರೆ ಮಾತ್ರ ನಿಲ್ಲುವುದಿಲ್ಲ. ಬಳಚು ತೆಗೆಯುವ ಇನ್ನೂ ಕೆಲವರನ್ನು, ಬೇರೆ ಬೇರೆ ಕೇರಿಯವರನ್ನು, ಅದೇ ಪ್ರಶ್ನೆ ಕೇಳಿ: ಯಾವ ತಿಂಗಳು ಕಮ್ಮಿಯಾಗುತ್ತದೆ, ಯಾವ ಜಾಗದಲ್ಲಿ ಮೊದಲು ಮತ್ತೆ ಕಾಣುತ್ತದೆ, ಮಳೆ ಜೋರಾದ ವರ್ಷ ಏನಾಗುತ್ತದೆ. ಬರೆದುಕೊಳ್ಳುವ ಮೊದಲು ಅವರ ಒಪ್ಪಿಗೆ ಪಡೆಯಿರಿ, ಹೆಸರು ಹಾಕಬೇಡಿ, ದಿನಾಂಕ ಮತ್ತು ಜಾಗ ಇರಲಿ. ಎಷ್ಟು ಜನರನ್ನು ಕೇಳಿದಿರಿ, ಹೇಗೆ ಆರಿಸಿದಿರಿ, ಅವರಲ್ಲಿ ಒಬ್ಬರು ನಿಮ್ಮ ತಾಯಿ ಅನ್ನುವುದನ್ನೂ ಮೆಥಡ್ಸ್‌ನಲ್ಲಿ ಹೇಳಿ. ಮುಚ್ಚಿಟ್ಟರೆ ವೈವಾದಲ್ಲಿ ಕಷ್ಟ. ಅವರ ಮಾತು ನಿಮ್ಮ ಅಳತೆಗೆ ಹೊಂದಿದರೆ ಚರ್ಚೆಯಲ್ಲಿ ಪಕ್ಕಪಕ್ಕ ಇಡಿ. ಹೊಂದದಿದ್ದರೆ ಅದನ್ನಂತೂ ಬಿಡಲೇಬೇಡಿ. ನೀವು ತಿಂಗಳಿಗೊಮ್ಮೆ ಹೋದವರು, ಅವರು ಇಳಿತ ನೋಡಿಕೊಂಡು ವರ್ಷಗಟ್ಟಲೆ ಇಳಿದವರು. ಗೈಡ್ ಇದು ಡೇಟಾ ಅಲ್ಲ ಅಂದರೆ ವಾದಕ್ಕೆ ನಿಲ್ಲಬೇಡಿ. ಪ್ರಶ್ನಾವಳಿಯನ್ನೂ ಉತ್ತರಗಳನ್ನೂ ಅನುಬಂಧದಲ್ಲಿ ಹಾಕಿ, ಚರ್ಚೆಯಲ್ಲಿ ಒಂದು ಪ್ಯಾರಾ ಮಾತ್ರ ಉಲ್ಲೇಖಿಸಲು ಬಿಡಿ ಅಂತ ಕೇಳಿ. ಅದಕ್ಕೆ ಬೇಡ ಅನ್ನುವ ಗೈಡ್ ಕಮ್ಮಿ.